ಪಾಠಕ್ಕೆ ಸಂಬಳ ಕೊಡಿ, ಪಾಸ್‌ಪೋರ್ಟಿಗಲ್ಲ

ಇಂಗ್ಲಿಷ್ ಕಲಿಸಲು ಹೊರದೇಶಕ್ಕೆ ಹೋಗುವ ಭಾರತದ ಶಿಕ್ಷಕರಿಗೆ ಇಂದಿಗೂ ಎರಡನೇ ಪಂಕ್ತಿಯಲ್ಲೇ ಎಲೆ ಹಾಕುತ್ತಾರೆ. ಇದು ಅನ್ಯಾಯ. ಮಕ್ಕಳ ಕಲಿಕೆಗೂ ಇದರಿಂದ ನಷ್ಟವಿದೆ. ಗಂಡನ ಜೊತೆ ಕೆಲವು ವರ್ಷಗಳಿಂದ ಥಾಯ್ಲೆಂಡಿನಲ್ಲಿ ಇದೇ ಕೆಲಸ ಮಾಡುತ್ತಿರುವ ನಾನು ಕಣ್ಣಾರೆ ಕಂಡದ್ದನ್ನೇ ಇಟ್ಟುಕೊಂಡು ಈ ಮಾತು ಹೇಳುತ್ತಿದ್ದೇನೆ.

ನಾವಿರುವುದು ಈಶಾನ್ಯ ಭಾಗದ ಖೊನ್ ಕೇನ್ ಪ್ರಾಂತ್ಯದಲ್ಲಿ. ಇವರು ಪ್ರಾಥಮಿಕ ತರಗತಿಗಳಿಗೆ ಕಲಿಸುತ್ತಾರೆ, ನಾನು ಹೈಸ್ಕೂಲಿನವರಿಗೆ. ಬೆಳಿಗ್ಗೆ ಎಂಟಕ್ಕೆ ಬಾವುಟ ಏರುವಾಗ ಇಬ್ಬರೂ ಅಂಗಳದಲ್ಲಿ ನಿಂತಿರಬೇಕು. ಒಂದೊಂದು ತರಗತಿಯಲ್ಲೂ ನಲವತ್ತಕ್ಕೂ ಹೆಚ್ಚು ಮಕ್ಕಳು. ಸಂಜೆ ಸ್ಕೂಟರಿನಲ್ಲಿ ಸಂತೆಗೆ ಹೋಗಿ ತೆಂಗಿನಕಾಯಿ, ಮಜ್ಜಿಗೆ ಹುಲ್ಲು, ಹಸಿ ಪಪ್ಪಾಯಿ ತರುತ್ತೇವೆ. ಸೊಮ್ ತಮ್ ಎಂಬ ಪಪ್ಪಾಯಿ ಕೋಸಂಬರಿ ಕುಟ್ಟುವ ಅಂಗಡಿಯಮ್ಮನಿಗೆ ‘ಮೀನಿನ ರಸ ಬೇಡ’ ಎನ್ನುವಷ್ಟು ಥಾಯ್ ಇಬ್ಬರಿಗೂ ಬಂದಿದೆ. ರಾತ್ರಿ ಒಂದೇ ಮೇಜಿನ ಎರಡು ಬದಿಗೆ ಕುಳಿತು ನೋಟ್‌ಬುಕ್ ತಿದ್ದುತ್ತೇವೆ. ಇವರ ತರಗತಿಯ ಮಕ್ಕಳು ಮುಂದೆ ನನ್ನಲ್ಲಿಗೇ ಬರುವವರಾದ್ದರಿಂದ, ಯಾವ ಮಗು ಎಲ್ಲಿ ತಡವರಿಸುತ್ತದೆ ಎಂಬ ಮಾತು ಊಟದ ಹೊತ್ತಿಗೂ ನಡೆದಿರುತ್ತದೆ. ಜೂನ್ ತಿಂಗಳಲ್ಲಿ ‘ವಾಯ್ ಖ್ರೂ’ ಎಂಬ ಗುರುವಂದನೆ. ಅಂದು ಮಕ್ಕಳು ಕೇಪಳ ಹೂ, ಬದನೆ ಹೂ, ಗರಿಕೆ ತಂದು ಮಂಡಿಯೂರಿ ಕೊಡುತ್ತಾರೆ. ಪುತ್ತೂರಿನ ಕಡೆಯ ನನಗೆ ಆ ಕೇಪಳ, ಆ ಗರಿಕೆ ಎರಡೂ ಮನೆಯಂಗಳದವು. ಮುಂದೆ ಕುಳಿತ ಶಿಕ್ಷಕರು ಯಾವ ದೇಶದವರೆಂದು ನೋಡಿ ಮಕ್ಕಳು ಆ ಗೌರವದಲ್ಲಿ ಹೆಚ್ಚು ಕಡಿಮೆ ಮಾಡುವುದಿಲ್ಲ.

ಈ ಮಕ್ಕಳು ಮನೆಯಲ್ಲಿ ಆಡುವುದು ಲಾವೋ ಭಾಷೆಗೆ ತೀರ ಹತ್ತಿರವಾದ ಇಸಾನ್ ನುಡಿ. ಶಾಲೆಯ ಭಾಷೆ ಬ್ಯಾಂಕಾಕ್ ಕಡೆಯ ಥಾಯ್. ಇಂಗ್ಲಿಷ್ ಬರುವುದು ಮೂರನೆಯದಾಗಿ. ನಾನೂ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್ ಎಂಬ ದಾರಿಯಲ್ಲೇ ನಡೆದು ಬಂದವಳು. ಥಾಯ್ ನಾಲಿಗೆ ಪದದ ಕೊನೆಯ ಸದ್ದನ್ನು ಬದಲಿಸುತ್ತದೆ: ಫುಟ್‌ಬಾಲ್ ‘ಫುಟ್‌ಬೊನ್’ ಆಗುತ್ತದೆ, ಬಸ್ ‘ಬಟ್’ ಆಗುತ್ತದೆ. ಕನ್ನಡದ ನಾಲಿಗೆ ಅದೇ ಜಾಗದಲ್ಲಿ ಒಂದು ಉಕಾರ ಸೇರಿಸಿ ಬಸ್ಸು, ಕಾರು ಎನ್ನುತ್ತದೆ. ಥಾಯ್ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ‘ನಿನ್ನೆ’ ಎಂದು ಹೇಳಿದರೆ ಹೋದದ್ದು ನಿನ್ನೆ ಎಂದು ತಿಳಿಯುತ್ತದೆ. ಹಾಗಾಗಿ ಭೂತಕಾಲದ ರೂಪ ಬಿಟ್ಟುಹೋದ ವಾಕ್ಯ ಕಂಡಾಗ ನಾವು ಅದನ್ನು ದಡ್ಡತನ ಎಂದುಕೊಳ್ಳುವುದಿಲ್ಲ. ತಾಯ್ನುಡಿ ಎಲ್ಲಿ ಕೈ ಹಿಡಿದು ಎಳೆಯುತ್ತದೆ ಎಂಬುದು ಎರಡನೆಯ, ಮೂರನೆಯ ಭಾಷೆಯನ್ನು ಕಷ್ಟಪಟ್ಟು ಕಲಿತವರಿಗೆ ಬೇಗ ಕಾಣುತ್ತದೆ.

ದಂಪತಿಗಳಾಗಿ ಒಂದೇ ಶಾಲೆಯಲ್ಲಿರುವುದರಿಂದ ಇನ್ನೊಂದು ಅನುಕೂಲವಿದೆ. ವಾರಕ್ಕೊಮ್ಮೆ ಇವರು ನನ್ನ ತರಗತಿಗೆ ಬರುತ್ತಾರೆ. ಬ್ಯಾಂಕಾಕಿಗೆ ಹೋಗುವ ಬಸ್ಸುಗಳ ವೇಳಾಪಟ್ಟಿಯ ಅರ್ಧ ಇವರ ಕೈಯಲ್ಲಿ, ಉಳಿದರ್ಧ ನನ್ನ ಕೈಯಲ್ಲಿ. ಕೇಳಿ ಕೇಳಿಯೇ ಪಟ್ಟಿ ತುಂಬಬೇಕು. ನಾವು ತೋರಿಸಿದ ಮೇಲೆ ಮಕ್ಕಳು ಜೋಡಿ ಜೋಡಿಯಾಗಿ ಕುಳಿತು ಅದನ್ನೇ ಮಾಡುತ್ತಾರೆ. ಬಸ್ ಎಷ್ಟು ಹೊತ್ತಿಗೆ ಎಂದು ತಿಳಿಯುವ ಹಟದಲ್ಲಿ ನಾಚಿಕೆ ಮರೆತುಹೋಗುತ್ತದೆ. ಮಾಡಿಸುತ್ತ ಕಲಿಸುವ ಈ ಕ್ರಮ ಇಂದು ಜಗತ್ತಿನ ಉದ್ದಗಲಕ್ಕೂ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿದೆ. ಅದಕ್ಕೆ ಗಟ್ಟಿ ಬುನಾದಿ ಹಾಕಿದ್ದು ‘ಬೆಂಗಳೂರು ಪ್ರಾಜೆಕ್ಟ್’. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರೂ ಸೇರಿದಂತೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ವೇಳಾಪಟ್ಟಿ, ನಕ್ಷೆಗಳನ್ನು ಹಿಡಿದು ನಡೆಸಿದ ಪ್ರಯೋಗ ಅದು. ಇಂಗ್ಲಿಷನ್ನು ಹೇಗೆ ಕಲಿಸಬೇಕೆಂದು ಜಗತ್ತಿಗೆ ತೋರಿಸಿದ ಮಣ್ಣಿನ ಶಿಕ್ಷಕರನ್ನು ಅದೇ ಕೆಲಸಕ್ಕೆ ಕಡಿಮೆ ಯೋಗ್ಯರೆಂದು ಎಣಿಸುವುದು ಹೇಗೆ ಸರಿಯಾದೀತು?

ಆದರೂ ನೌಕರಿಯ ಜಾಹೀರಾತುಗಳಲ್ಲಿ ‘ನೇಟಿವ್ ಸ್ಪೀಕರ್ ಮಾತ್ರ’ ಎಂಬ ಷರತ್ತು ಮತ್ತೆ ಮತ್ತೆ ಕಾಣುತ್ತದೆ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ: ಸಾಮಾನ್ಯವಾಗಿ ಈ ಏಳು ದೇಶಗಳವರಿಗೆ ಮಾತ್ರ ಆ ಹೆಸರು ಸಲ್ಲುತ್ತದೆ. ನಾವು ಮೊದಲಿದ್ದ ಶಾಲೆಯಲ್ಲಿ, ನಮ್ಮಷ್ಟೇ ಪೀರಿಯಡ್ ತೆಗೆದುಕೊಳ್ಳುತ್ತಿದ್ದ, ಶಿಕ್ಷಕ ತರಬೇತಿ ಇಲ್ಲದ ಯುವಕನಿಗೆ ನಮ್ಮ ಒಂದೂವರೆ ಪಟ್ಟು ಸಂಬಳವಿತ್ತು. ನಾವಿಬ್ಬರೂ ಬಿ.ಎಡ್. ಮಾಡಿದವರು. ಇಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಫಿಲಿಪ್ಪೀನ್ಸ್ ಶಿಕ್ಷಕರ ಪಾಡೂ ಇದೇ. ಕೆಲಸದ ಪರವಾನಗಿ ಉದ್ಯೋಗ ಕೊಟ್ಟವರ ಹೆಸರಿಗೆ ಅಂಟಿಕೊಂಡಿರುತ್ತದೆ, ಒಪ್ಪಂದ ಹೆಚ್ಚೆಂದರೆ ವರ್ಷದ್ದು. ಗಂಡ ಹೆಂಡತಿ ಒಂದೇ ಕಡೆ ಇದ್ದರೆ ಎರಡು ಸಂಬಳ, ಎರಡು ವೀಸಾ, ಬಾಡಿಗೆ ಮನೆ ಎಲ್ಲವೂ ಒಬ್ಬರೇ ಹಾಕುವ ಸಹಿಯನ್ನು ಕಾಯಬೇಕು. ಏಪ್ರಿಲ್ ರಜೆಗೆ ಸಂಬಳ ಕೊಡದ ಏಜೆನ್ಸಿಗಳೂ ಇವೆ. ಆ ತಿಂಗಳು ಊರಿಗೆ ಹೋಗಿ ಅಪ್ಪ ಅಮ್ಮನನ್ನು ನೋಡಿ ಬರುವುದೋ, ಇಲ್ಲೇ ಇದ್ದು ಬಾಡಿಗೆ ಕಟ್ಟುವುದೋ ಎಂಬ ಲೆಕ್ಕ ಕಡಿಮೆ ಸಂಬಳದ ದಂಪತಿಗಳ ಮನೆಯಲ್ಲಿ ಪ್ರತಿ ವರ್ಷ ನಡೆಯುತ್ತದೆ.

ಮಕ್ಕಳು ‘ಅಸಲಿ’ ಉಚ್ಚಾರ ಕೇಳಲಿ ಎಂಬುದು ತಂದೆತಾಯಿಯರ ಆಸೆ, ಶಾಲೆಯವರು ಕೊಡುವ ಕಾರಣವೂ ಅದೇ. ಆ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆ ಏಳು ದೇಶಗಳಿಂದ ಬಂದ ಒಳ್ಳೆಯ ಶಿಕ್ಷಕರಿಂದ ನಾವೂ ಬಹಳ ಕಲಿತಿದ್ದೇವೆ. ಆದರೆ ಈ ಮಕ್ಕಳು ನಾಳೆ ಇಂಗ್ಲಿಷ್ ಆಡುವುದು ಯಾರೊಂದಿಗೆ? ಜಪಾನಿನ ಎಂಜಿನಿಯರ್, ಚೀನಾದ ವ್ಯಾಪಾರಿ, ಭಾರತದ ಪ್ರವಾಸಿಗರೊಂದಿಗೆ. 2008ರಲ್ಲಿ ಜಾರಿಗೆ ಬಂದ ಆಸಿಯಾನ್ ಸನ್ನದು ಇಂಗ್ಲಿಷನ್ನು ಆ ಒಕ್ಕೂಟದ ಕೆಲಸದ ಭಾಷೆಯೆಂದು ಹೇಳಿದೆ. ಥಾಯ್ ಅಧಿಕಾರಿ ವಿಯೆಟ್ನಾಮಿನವರ ಜೊತೆ ಮಾತಾಡುವಾಗ ಲಂಡನ್ನಿನ ರಾಗ ಯಾರಿಗೂ ಬೇಕಾಗುವುದಿಲ್ಲ. ಹುಟ್ಟಿನಿಂದ ಇಂಗ್ಲಿಷ್ ಆಡುವವರೇ ಉತ್ತಮ ಶಿಕ್ಷಕರು ಎಂಬ ನಂಬಿಕೆ ತಪ್ಪೆಂದು ಬ್ರಿಟಿಷ್ ವಿದ್ವಾಂಸ ರಾಬರ್ಟ್ ಫಿಲಿಪ್ಸನ್ 1992ರ ತಮ್ಮ ಪುಸ್ತಕದಲ್ಲೇ ವಾದಿಸಿದ್ದಾರೆ. ಇಂಗ್ಲಿಷ್ ಶಿಕ್ಷಕರ ಅಂತರರಾಷ್ಟ್ರೀಯ ಸಂಘಟನೆ ಟಿಸಾಲ್ 2006ರಲ್ಲಿ ಈ ತಾರತಮ್ಯವನ್ನು ಅಧಿಕೃತವಾಗಿಯೇ ವಿರೋಧಿಸಿದೆ.

ನಾವು ಮನೆಯಲ್ಲಿ ಕನ್ನಡ ಆಡುತ್ತೇವೆ ಎಂದು ತಿಳಿದ ದಿನದಿಂದ ನನ್ನ ತರಗತಿಯ ಹಿಂದಿನ ಬೆಂಚಿನವರೂ ಬಾಯಿ ಬಿಡತೊಡಗಿದರು. ಟೀಚರೂ ಕಲಿತೇ ಬಂದವರು, ಹಾಗಾದರೆ ನಮಗೂ ಬಂದೀತು ಎಂಬ ಧೈರ್ಯ ಅವರಿಗೆ ಬಂದಿತ್ತು.

ಅದಕ್ಕೇ ನನ್ನ ಒತ್ತಾಯ ಇಷ್ಟು. ಶಾಲೆಗಳು ಎಲ್ಲ ಅಭ್ಯರ್ಥಿಗಳಿಂದಲೂ ಮಕ್ಕಳ ಮುಂದೆ ಒಂದು ಪಾಠ ಮಾಡಿಸಲಿ, ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಲಿ. ಹೊರದೇಶಗಳೊಂದಿಗೆ ಉದ್ಯೋಗದ ಮಾತುಕತೆ ನಡೆಸುವಾಗ ಭಾರತ ಸರ್ಕಾರ ನರ್ಸುಗಳ, ಎಂಜಿನಿಯರುಗಳ ಜೊತೆಗೆ ಶಿಕ್ಷಕರ ವಿಷಯವನ್ನೂ ಎತ್ತಲಿ. ಹೊರಡಲಿರುವ ನಮ್ಮ ಯುವ ದಂಪತಿಗಳು ಒಪ್ಪಂದದಲ್ಲಿ ಹನ್ನೆರಡೂ ತಿಂಗಳ ಸಂಬಳ ಬರೆದಿದೆಯೇ ಎಂದು ನೋಡಿಕೊಂಡೇ ಸಹಿ ಹಾಕಲಿ. ರಾಗ ಕೇಳಿ ಇಂಗ್ಲಿಷ್ ಶಿಕ್ಷಕರನ್ನು ಆರಿಸುವ ಅಭ್ಯಾಸ ಕರ್ನಾಟಕದ ಖಾಸಗಿ ಶಾಲೆಗಳಲ್ಲೂ ಇದೆ, ಅದೂ ಹೋಗಲಿ. ನಾವು ಯಾವ ಊರಿನವರೆಂದು ಮಕ್ಕಳು ಕೇಳಿದರೆ ಸಂತೋಷದಿಂದ ಹೇಳುತ್ತೇವೆ. ಸಂಬಳ ಗೊತ್ತುಮಾಡುವವರು ಮಾತ್ರ ಪಾಠ ಹೇಗಿದೆ ಎಂದೇ ಕೇಳಬೇಕು.