ಮನೆವಾರ್ತೆಯ ಪ್ರಶ್ನೆಗಳು: ನೆಲ ತಡೆದೀತೆ?

ಮೈಸೂರಿನ ವಾಚಕರೊಬ್ಬರು ಬರೆಯುತ್ತಾರೆ: "ನನ್ನ ಮಗನು ಮನೆಯ ಷೆಡ್ಡಿನಲ್ಲಿಯೇ ಕಾರು ರಿಪೇರಿಯ ಕೆಲಸ ಆರಂಭಿಸಬೇಕೆಂದಿದ್ದಾನೆ. ಕಾರನ್ನು ಮೇಲೆತ್ತುವ ಎರಡು ಕಂಬಗಳ ಲಿಫ್ಟನ್ನು ತರಿಸುವ ಯೋಚನೆಯಿದೆ. ಹತ್ತು ವರ್ಷಗಳಿಂದ ಆ ನೆಲದ ಮೇಲೆ ಕಾರು ನಿಂತಿದೆ. ಒಂದು ಬಿರುಕೂ ಬಿಟ್ಟಿಲ್ಲ. ಲಿಫ್ಟನ್ನು ಅದು ತಡೆಯಲಾರದೆ?"

ಸಂದೇಹ ಸಹಜವಾದುದೇ. ಆದರೆ ನಿಂತ ಕಾರಿನ ಮಾತು ಬೇರೆ, ಎತ್ತಿದ ಕಾರಿನ ಮಾತು ಬೇರೆ. 1,200 ಕಿಲೋ ತೂಗುವ ಕಾರು ನೆಲದ ಮೇಲಿರುವಾಗ ನಾಲ್ಕು ಗಾಲಿಗಳು ಭಾರವನ್ನು ಹಂಚಿಕೊಂಡು ನೆಲವನ್ನು ಒತ್ತುತ್ತವೆ, ಅಷ್ಟೆ. ಲಿಫ್ಟಿನಲ್ಲಾದರೋ ಕಾರು ನಿಲ್ಲುವುದು ಚಾಚಿದ ತೋಳುಗಳ ಮೇಲೆ. ತುಂಬಿದ ಕೊಡವನ್ನು ಕೈಚಾಚಿ ಹಿಡಿದವನ ಮೈ ಮುಂದಕ್ಕೆ ವಾಲುವಂತೆ ಕಂಬಗಳೂ ಕಾರಿನತ್ತ ವಾಲಲೆಳಸುತ್ತವೆ. ಅವನ್ನು ಹಿಡಿದು ನಿಲ್ಲಿಸುವುವು ಕಾಂಕ್ರೀಟಿನಲ್ಲಿ ಕೂರಿಸಿದ ಬೋಲ್ಟುಗಳು. ಆದ್ದರಿಂದ ನೆಲವು ಭಾರ ಹೊತ್ತರೆ ಸಾಲದು. ಬೋಲ್ಟನ್ನು ಕೀಳುವ ಸೆಳೆತವನ್ನೂ ತಡೆಯಬೇಕು.

ಇಂಥ ಲಿಫ್ಟುಗಳ ತಯಾರಕರು ಸಾಮಾನ್ಯವಾಗಿ ಕೇಳುವುದು ಕನಿಷ್ಠ 4 ಅಂಗುಲ ದಪ್ಪದ, ಹೆಚ್ಚುಕಡಮೆ ಎಂ-20 ದರ್ಜೆಯ ಕಾಂಕ್ರೀಟನ್ನು. ದೊಡ್ಡ ಲಿಫ್ಟಿಗೆ ಇನ್ನೂ ದಪ್ಪ ಬೇಕು. ನಮ್ಮ ಮನೆಗಳಲ್ಲಿ 4 ಅಂಗುಲ ದೊರೆತರೂ ಸತ್ವ ದೊರೆಯುವುದು ಕಷ್ಟ. ಟೈಲ್ಸಿನ ಕೆಳಗೆ ಸಾಮಾನ್ಯವಾಗಿ ಇರುವುದು ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಮರಳು, ಎಂಟು ಪಾಲು ಜಲ್ಲಿಯ ಮಿಶ್ರಣ. ಅದು ಎಂ-7.5 ದರ್ಜೆಯದು, ಬೇಕಾದುದರ ಅರ್ಧಕ್ಕೂ ಕಡಮೆ. ಎಂ-20 ಆಗಬೇಕಾದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಬೇಕು.

ಮೊದಲು ಮೂರು ನಾಲ್ಕು ಕಡೆ ಸಣ್ಣ ರಂಧ್ರ ಕೊರೆಯಿಸಿ ದಪ್ಪವನ್ನು ಅಳೆಯಿರಿ. ಟೈಲ್ಸು, ಗಾರೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸತ್ವವನ್ನು ತಿಳಿಯಲು ಕಾಂಕ್ರೀಟಿನ ತುಂಡನ್ನು ಕೊರೆದು ತೆಗೆದು ಪರೀಕ್ಷಾಲಯದಲ್ಲಿ ಪರೀಕ್ಷಿಸುತ್ತಾರೆ. ಬಿರುಕಿನ ಬಳಿ, ಅಂಚಿನ ಬಳಿ ಬೋಲ್ಟು ಕೂಡದು. ಷೆಡ್ಡಿನ ಕೆಳಗೆ ನೆಲಮಾಳಿಗೆಯಿದ್ದರೆ ಎಂಜಿನಿಯರರ ಒಪ್ಪಿಗೆಯಿಲ್ಲದೆ ಮುಂದುವರಿಯಲೇಬಾರದು.

ನೆಲ ಸಾಲದೆಂದು ತಿಳಿದರೆ ಮೇಲೆ ಎರಡಂಗುಲ ಹೊಸ ಕಾಂಕ್ರೀಟು ಸುರಿಸಿ ಸಮಾಧಾನಪಡಬೇಡಿ. ಹಳೆಯದಕ್ಕೂ ಹೊಸದಕ್ಕೂ ಭದ್ರವಾದ ಬೆಸುಗೆಯಾಗದು. ಕಂಬಗಳ ಜಾಗವನ್ನಷ್ಟೇ ಕತ್ತರಿಸಿ ತೆಗೆಸಿ, ತಯಾರಕರ ನಕ್ಷೆಯಂತೆ ಹೊಸ ತಳಪಾಯ ಹಾಕಿಸಿ, ಕ್ರಮವಾಗಿ ನೀರುಣಿಸಿ 28 ದಿನ ಕಾಯಿರಿ.

ಒಂದು ತಿಂಗಳು ತಡವಾಯಿತೆಂದು ಮಗನು ಬೇಸರಪಟ್ಟಾನು. ಪಡಲಿ. ಮುಂದೆ ಪ್ರತಿದಿನವೂ ಎತ್ತಿದ ಕಾರಿನ ಕೆಳಗೆ ನಿಲ್ಲುವವನು ಅವನೇ ಅಲ್ಲವೆ?