ಕೇಳದೆ ತೋರಿಸಿದ ಚಿತ್ರ

ಡಿಎನ್‌ಎ ಎಂದೊಡನೆ ವಿದ್ಯಾರ್ಥಿಗಳು ಒಂದೇ ಉಸಿರಿನಲ್ಲಿ ಹೇಳುವ ಹೆಸರುಗಳು ಎರಡು: ವಾಟ್ಸನ್ ಮತ್ತು ಕ್ರಿಕ್. ಕೇಂಬ್ರಿಡ್ಜ್‌ನ ಈ ಇಬ್ಬರು ವಿಜ್ಞಾನಿಗಳು 1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ಡಿಎನ್‌ಎ ಅಣುವಿನ ಜೋಡಿ ಸುರುಳಿ ರಚನೆಯನ್ನು ಪ್ರಕಟಿಸಿದರು. ಮೈಬಣ್ಣದಿಂದ ಹಿಡಿದು ಕೆಲವು ಕಾಯಿಲೆಗಳವರೆಗೆ ತಂದೆತಾಯಿಯಿಂದ ಮಕ್ಕಳಿಗೆ ಬರುವ ಬಳುವಳಿಯೆಲ್ಲ ಅಡಗಿರುವುದು ಈ ಅಣುವಿನಲ್ಲೇ. ಆದರೆ ಈ ಶೋಧದ ಕಥೆಯಲ್ಲಿ, ರಕ್ತಪರೀಕ್ಷೆಗೆ ತೋಳು ಚಾಚುವ ಪ್ರತಿಯೊಬ್ಬರೂ ತಿಳಿಯಬೇಕಾದ ಪಾಠವೊಂದಿದೆ.

ಅದೇ ಹೊತ್ತಿಗೆ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರಾಂಕ್ಲಿನ್ ಎಂಬ ವಿಜ್ಞಾನಿ ಡಿಎನ್‌ಎ ಎಳೆಗಳ ಮೇಲೆ ಕ್ಷ-ಕಿರಣ ಹಾಯಿಸಿ ಚಿತ್ರ ತೆಗೆಯುತ್ತಿದ್ದರು. 1952ರ ಮೇ ತಿಂಗಳಲ್ಲಿ ಅವರೂ ಅವರ ವಿದ್ಯಾರ್ಥಿ ರೇಮಂಡ್ ಗಾಸ್ಲಿಂಗ್ ಅವರೂ ಪಡೆದ 51ನೆಯ ಚಿತ್ರ ಬಹಳ ಸ್ಪಷ್ಟವಾಗಿತ್ತು. ಅದರಲ್ಲಿ ಮೂಡಿದ್ದ ಕತ್ತರಿಯಾಕಾರದ ಕಪ್ಪು ಗುರುತುಗಳು, ಬಲ್ಲವರಿಗೆ, ಅಣು ಸುರುಳಿಯಾಗಿದೆ ಎಂದು ಸಾರುತ್ತಿದ್ದವು. 1953ರ ಜನವರಿ 30ರಂದು ಅದೇ ಕಾಲೇಜಿನ ಮಾರಿಸ್ ವಿಲ್ಕಿನ್ಸ್ ಆ ಚಿತ್ರವನ್ನು ವಾಟ್ಸನ್‌ಗೆ ತೋರಿಸಿದರು. ಫ್ರಾಂಕ್ಲಿನ್ ಅವರನ್ನು ಒಂದು ಮಾತು ಕೇಳಲಿಲ್ಲ. ಮುಂದಿನ ತಿಂಗಳು, ವೈದ್ಯಕೀಯ ಸಂಶೋಧನಾ ಮಂಡಳಿಗೆ ಸಲ್ಲಿಕೆಯಾಗಿದ್ದ ವರದಿಯಲ್ಲಿನ ಅವರ ಅಳತೆಗಳೂ ಮ್ಯಾಕ್ಸ್ ಪೆರುಟ್ಜ್ ಮೂಲಕ ಕ್ರಿಕ್ ಕೈ ಸೇರಿದವು.

ಇದನ್ನು ಬರೀ ಕಳ್ಳತನವೆನ್ನುವುದು ನ್ಯಾಯವಲ್ಲ. ವರದಿಯ ಮೇಲೆ ಗೋಪ್ಯವೆಂಬ ಮುದ್ರೆಯಿರಲಿಲ್ಲ. ಸುರುಳಿಯೊಳಗೆ ಎ ಜೊತೆ ಟಿ, ಜಿ ಜೊತೆ ಸಿ ಜೋಡಿಯಾಗುವ ಬಗೆಯನ್ನು ಕಂಡುಕೊಂಡವರು ವಾಟ್ಸನ್ ಮತ್ತು ಕ್ರಿಕ್ ಅವರೇ. ಫ್ರಾಂಕ್ಲಿನ್ ಮೋಸಹೋದ ಅಬಲೆಯಲ್ಲ, ಈ ಶೋಧದಲ್ಲಿ ಸಮಭಾಗಿ ಎಂದು 2023ರಲ್ಲಿ ಇಬ್ಬರು ಇತಿಹಾಸಕಾರರು ಹಳೆಯ ದಾಖಲೆಗಳ ಆಧಾರದಿಂದ ವಾದಿಸಿದ್ದಾರೆ. ಅದನ್ನು ಒಪ್ಪೋಣ. ಆದರೂ ಯಾರ ದುಡಿಮೆಯೋ ಅವರನ್ನು ಒಮ್ಮೆ ಕೇಳಬೇಕಿತ್ತು ಎಂಬ ಮಾತು ಉಳಿದೇ ಉಳಿಯುತ್ತದೆ. ಫ್ರಾಂಕ್ಲಿನ್ 1958ರಲ್ಲಿ, ಕೇವಲ 37ನೆಯ ವಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. 1962ರ ನೊಬೆಲ್ ಉಳಿದ ಮೂವರ ಪಾಲಾಯಿತು. ವಾಟ್ಸನ್ ಚಿತ್ರದ ಸಂಗತಿಯನ್ನು ತಮ್ಮ ಪುಸ್ತಕದಲ್ಲಿ ಬರೆದದ್ದು 1968ರಲ್ಲಿ.

ಕಾಲಚಕ್ರ ಉರುಳಿತು. 2007ರಲ್ಲಿ ವಿಜ್ಞಾನಿಗಳು ವಾಟ್ಸನ್ ಅವರದೇ ಡಿಎನ್‌ಎಯನ್ನು ಪೂರ್ತಿಯಾಗಿ ಓದಿ ಅವರ ಕೈಗಿತ್ತರು. ಎಲ್ಲವನ್ನೂ ಬಹಿರಂಗಪಡಿಸಲು ಅವರು ಒಪ್ಪಿದರು, ಒಂದನ್ನು ಬಿಟ್ಟು. ಅದು ಎಪಿಒಇ ಎಂಬ ವಂಶವಾಹಿ. ಇದರ ಒಂದು ಬಗೆ ಮರೆವಿನ ಕಾಯಿಲೆಯಾದ ಅಲ್ಜೈಮರ್ಸ್‌ನ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಅಜ್ಜಿಗೆ ಆ ಕಾಯಿಲೆಯಿತ್ತು. ತಮ್ಮ ಪಾಲಿಗೆ ಏನಿದೆಯೆಂದು ತಿಳಿಯುವುದೇ ಅವರಿಗೆ ಬೇಡವಾಗಿತ್ತು. ಅದು ಅವರ ಹಕ್ಕು. ಆದರೆ ಅಕ್ಕಪಕ್ಕದ ಭಾಗವನ್ನು ನೋಡಿ ಮುಚ್ಚಿಟ್ಟದ್ದನ್ನು ಊಹಿಸಬಹುದೆಂದು ಬೇರೆ ವಿಜ್ಞಾನಿಗಳು ತೋರಿಸಿಕೊಟ್ಟರು. ಕೊನೆಗೆ ಸುತ್ತಲಿನ ದೊಡ್ಡ ಭಾಗವನ್ನೇ ತೆಗೆದುಹಾಕಬೇಕಾಯಿತು. ಡಿಎನ್‌ಎಯಲ್ಲಿ ಗುಟ್ಟು ಕಾಪಾಡುವುದು ಅಷ್ಟು ಕಷ್ಟ.

ಈಗ ನಮ್ಮ ವಿಷಯಕ್ಕೆ ಬರೋಣ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ-1, ಬಿಆರ್‌ಸಿಎ-2 ವಂಶವಾಹಿಗಳ ದೋಷವನ್ನು ಇಂದು ರಕ್ತ ಅಥವಾ ಎಂಜಲಿನಿಂದ ಪತ್ತೆ ಮಾಡಬಹುದು. ಮನೆತನದಲ್ಲಿ ಈ ಕ್ಯಾನ್ಸರ್‌ಗಳಿದ್ದವರಿಗೆ ಇದು ದೊಡ್ಡ ವರ. ಮೊದಲೇ ಎಚ್ಚರ ವಹಿಸಲು ಸಾಧ್ಯವಾಗುತ್ತದೆ. ಆದರೆ ಸಕ್ಕರೆ ಪರೀಕ್ಷೆ ನಿಮ್ಮೊಬ್ಬರ ವಿಷಯ ಹೇಳಿದರೆ, ವಂಶವಾಹಿ ಪರೀಕ್ಷೆ ನಿಮ್ಮ ಅಕ್ಕತಂಗಿಯರ, ಮಕ್ಕಳ ವಿಷಯವನ್ನೂ ಹೇಳುತ್ತದೆ. ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ದೋಷವಿದ್ದವರಿಗೆಲ್ಲ ಕಾಯಿಲೆ ಬಂದೇ ಬರುತ್ತದೆಂದೂ ಅಲ್ಲ. ಈ ಸೂಕ್ಷ್ಮ ತಿಳಿಯದವರ ಕಿವಿಗೆ ಸುದ್ದಿ ಬಿದ್ದರೆ, ಹೆಣ್ಣುಮಗಳೊಬ್ಬಳ ಮದುವೆಯ ಮಾತುಕತೆ ಮುರಿದುಬೀಳಲು ಅಷ್ಟು ಸಾಕು.

ಆದ್ದರಿಂದ ಪರೀಕ್ಷೆಗೆ ಮುನ್ನ ವೈದ್ಯರನ್ನು ಕೇಳಿ. ಫಲಿತಾಂಶದಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ? ವರದಿಯನ್ನು ಯಾರು ಯಾರು ನೋಡುತ್ತಾರೆ? ಉಳಿದ ರಕ್ತವನ್ನು ಏನು ಮಾಡುತ್ತಾರೆ? ಅದನ್ನು ಸಂಶೋಧನೆಗೆ ಬಳಸುವುದಾದರೆ ಬೇಡವೆನ್ನಲು ಅವಕಾಶವಿದೆಯೇ? ಕೇಳಲು ಸಂಕೋಚ ಬೇಡ. ಸಂಶೋಧನೆಗೆ ಸಂಬಂಧಿಸಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ತಿಳಿವಳಿಕೆಯ ಒಪ್ಪಿಗೆ ಬೇಕೆನ್ನುತ್ತದೆ. ಇಂಗ್ಲಿಷಿನ ನಾಲ್ಕು ಪುಟ ಮುಂದಿಟ್ಟು ‘ಇಲ್ಲಿ ಸಹಿ ಹಾಕಿ’ ಎಂದು ಬೆರಳು ತೋರಿಸುವುದು ಒಪ್ಪಿಗೆ ಪಡೆಯುವ ರೀತಿಯಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಅದನ್ನು ಓದಿ ಹೇಳುವ ವ್ಯವಧಾನ ಆಸ್ಪತ್ರೆಗಿರಬೇಕು.

ಅಗತ್ಯವಿದ್ದವರು ಹೆದರದೆ ಪರೀಕ್ಷೆ ಮಾಡಿಸಿಕೊಳ್ಳಲಿ. ಜೋಡಿ ಸುರುಳಿಯ ಶೋಧದಿಂದ ದೊರೆತ ಈ ಪ್ರಯೋಜನ ಎಲ್ಲರಿಗೂ ಸಲ್ಲಬೇಕಾದದ್ದು. ಅಂದು ಫ್ರಾಂಕ್ಲಿನ್ ಅವರಿಗೆ ಸಿಗದ ಆ ಒಂದು ಮಾತು ಮಾತ್ರ ಇಂದಿನ ರೋಗಿಗೆ ತಪ್ಪದೆ ಸಿಗಲಿ.