ಮಾರುವ ಲೈಸೆನ್ಸ್ ಮಾಡುವ ಲೈಸೆನ್ಸ್ ಅಲ್ಲ



ಹಿಟ್ಟು ಹುದುಗು ಬರಿಸುವ ವಿದ್ಯೆಯಿಂದಲೇ ಪರವೂರಿನಲ್ಲಿ ಅನ್ನ ಕಂಡವರು ನಾವು. ಆದ್ದರಿಂದ ಜೇನುತುಪ್ಪವನ್ನು ನೀರಿನಲ್ಲಿ ಕದಡಿ, ಹುದುಗು ಬರಿಸಿ 'ಮೀಡ್' ಎಂಬ ಮದ್ಯ ಮಾಡುವ ಹವ್ಯಾಸ ನಮ್ಮ ಮನೆ ಹುಡುಗರಿಗೂ ಅಂಟಿದರೆ ಆಶ್ಚರ್ಯವೇನಿಲ್ಲ.

ಕಳೆದ ಮೇ ತಿಂಗಳಲ್ಲಿ ಒಂದು ಮುಂಜಾನೆ ಪುಣೆಯ ನಮ್ಮ ಹೋಟೆಲಿನ ಸ್ಟೋರ್ ರೂಮಿನಲ್ಲಿ ಏನೋ ಸಿಡಿದ ಸದ್ದಾಯಿತು. ಗ್ಯಾಸ್ ಸಿಲಿಂಡರ್ ಎಂದೇ ಹೆದರಿ ಓಡಿದೆವು. ನೋಡಿದರೆ ಈರುಳ್ಳಿ ಚೀಲಗಳ ಮೇಲೆಲ್ಲ ಗಾಜಿನ ಚೂರು. ಗ್ರೈಂಡರ್ ಹುಡುಗ ಅಕ್ಕಿ ತೆಗೆದುಕೊಂಡು ಆಗಷ್ಟೇ ಹೊರಬಂದಿದ್ದ. ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿತ ನಮ್ಮ ಅಕ್ಕನ ಮಗನ ಕೆಲಸವದು. "ಒಂದು ಕಿಲೋ ಜೇನು, ಮೂರು ಲೀಟರ್ ನೀರು, ವೈನ್ ಯೀಸ್ಟ್, ಅಷ್ಟೇ ಮಾವ. ನಾವು ಕುಡಿಯಲು, ಮಾರಲು ಅಲ್ಲ" ಎಂದ.

ಯೀಸ್ಟ್ ಜೇನಿನ ಸಕ್ಕರೆಯನ್ನು ತಿಂದು ಮದ್ಯವನ್ನೂ ಗಾಳಿಯನ್ನೂ ಬಿಡುತ್ತದೆ. ಆ ಗಾಳಿ ಹೋಗಲು ದಾರಿ ಬೇಕು. ಹುದುಗು ಪೂರ್ತಿ ನಿಲ್ಲಲು ವಾರಗಳೇ ಬೇಕು, ರುಚಿ ಪಳಗಲು ತಿಂಗಳುಗಳು ಬೇಕು. ಸುಮಾರು 20 ಡಿಗ್ರಿ ತಂಪೂ ಬೇಕು. ಅವನು ಪುಣೆಯ ಬೇಸಿಗೆಯಲ್ಲಿ ಅವಸರದಿಂದ ಬಾಟಲಿಗೆ ತುಂಬಿ ಬಿರಡೆ ಬಿಗಿದಿದ್ದ.

ಇನ್ನು ಕಾಯ್ದೆಯ ಮಾತು. ಮಹಾರಾಷ್ಟ್ರದಲ್ಲಿ 1949ರ ಮದ್ಯ ನಿಷೇಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದೇ ಅಪರಾಧ. ಮಾರಿದೆವೋ ಇಲ್ಲವೋ ಎಂಬ ಪ್ರಶ್ನೆ ಆಮೇಲಿನದು. ಪರ್ಮಿಟ್ ರೂಮ್ ನಡೆಸುವ ನಮ್ಮಲ್ಲಿ ಕೆಲವರು "ನಮಗೆ ಎಫ್‌ಎಲ್-3 ಇದೆಯಲ್ಲ" ಎನ್ನುತ್ತಾರೆ. ಅದು ಮಾರುವ ಲೈಸೆನ್ಸ್, ಮಾಡುವ ಲೈಸೆನ್ಸ್ ಅಲ್ಲ. ಆ ದಿನ ಅಬಕಾರಿಯವರು ಬಂದಿದ್ದರೆ ಹುಡುಗನ ಹವ್ಯಾಸಕ್ಕೆ ನಮ್ಮ ಜೀವಮಾನದ ದುಡಿಮೆ ಬಲಿಯಾಗುತ್ತಿತ್ತು. ಹೋಟೆಲನ್ನೇ ನಂಬಿದ ಕೆಲಸಗಾರರ ಗತಿಯೇನು?

ಉಳಿದದ್ದನ್ನು ಅಂದೇ ಮೋರಿಗೆ ಸುರಿದೆವು. ಆದರೆ ಹುಡುಗನನ್ನು ಎಲ್ಲರೆದುರು ಬೈದದ್ದು ತಪ್ಪೆಂದು ಆಮೇಲೆ ಅನ್ನಿಸಿತು. ಅವನ ನೋಟ್‌ಬುಕ್ಕಿನಲ್ಲಿ ದಿನದಿನದ ಉಷ್ಣತೆ, ಜೇನಿನ ತೂಕ, ವಾಸನೆ ಎಲ್ಲ ಬರೆದಿತ್ತು. ಮೂವತ್ತು ವರ್ಷ ಇಡ್ಲಿ ಬೇಯಿಸಿದ ನಾವು ಒಂದು ದಿನವೂ ಹಾಗೆ ಬರೆದಿಟ್ಟವರಲ್ಲ. ಈಗ ಅದೇ ಥರ್ಮಾಮೀಟರ್ ಹಿಡಿದು ನಮ್ಮ ಹಿಟ್ಟಿನ ಲೆಕ್ಕ ಬರೆಯುತ್ತಾನೆ. ಹೋದ ಚಳಿಗಾಲದಲ್ಲಿ ಹಿಟ್ಟು ಒಂದು ದಿನವೂ ಕೈಕೊಡಲಿಲ್ಲ.

ಪುಣೆ, ನಾಸಿಕಗಳಲ್ಲಿ ಲೈಸೆನ್ಸ್ ಪಡೆದೇ ಮೀಡ್ ತಯಾರಿಸುವ ಉದ್ಯಮಗಳು ಶುರುವಾಗಿವೆ. ಸಂಘದವರು ನಮ್ಮ ಯುವಕರನ್ನು ಅಂಥ ಕಡೆ ಒಮ್ಮೆ ಕರೆದೊಯ್ಯಲಿ ಎಂಬುದು ನಮ್ಮ ವಿನಂತಿ. ಆಸಕ್ತಿಯಿದ್ದವನು ಕಲಿತು, ಲೈಸೆನ್ಸ್ ತೆಗೆದು, ಅದನ್ನೇ ಉದ್ಯೋಗ ಮಾಡಿಕೊಳ್ಳಲಿ. ಅಲ್ಲಿಯವರೆಗೆ ಬಂಧುಗಳೇ, ತಿಂಗಳಿಗೊಮ್ಮೆ ನಿಮ್ಮ ಸ್ಟೋರ್ ರೂಮಿನ ಈರುಳ್ಳಿ ಚೀಲಗಳ ಹಿಂದೆ ನೀವೇ ಒಮ್ಮೆ ನೋಡಿ.